ಜೀನೋಮ್ ಸ್ಥಿರತೆಯ ಮೇಲೆ ಪಿಎಚ್.ಡಿ.: ಕೆಲಸ ನಿಜವಾಗಿ ಹೇಗಿರುತ್ತದೆ?

ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲೇ ಡಿಎನ್‌ಎ ನಕಲಾಗುವಿಕೆ ಮತ್ತು ಜೀನೋಮ್ (ಕೋಶದ ಪೂರ್ತಿ ಡಿಎನ್‌ಎ) ಕೆಡದೆ ಉಳಿಯುವುದರ ಮೇಲೆ ಸಂಶೋಧನೆ ಮಾಡಬೇಕು, ದಿನದ ಕೆಲಸ ಏನು ಎಂದು ಕೇಳಿದ್ದೀರಿ. ಪ್ರವೇಶಕ್ಕೆ ನೆಟ್-ಜೆಆರ್‌ಎಫ್ ಅಥವಾ ಗೇಟ್, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ಗಾದರೆ ಜೆಗೀಬಿಲ್ಸ್ ಎಂಬ ಪರೀಕ್ಷೆ, ಆಮೇಲೆ ಸಂದರ್ಶನ. ಅದು ಸುಲಭದ ಭಾಗ.

ಮುಂದಿನ ಐದಾರು ವರ್ಷ ಕಾಡುವುದು ಡಿಎನ್‌ಎ ಫೈಬರ್‌ನಂಥ ಪ್ರಯೋಗಗಳು: ಹೊಸದಾಗಿ ನಕಲಾದ ಡಿಎನ್‌ಎಗೆ ಗುರುತು ಹಾಕಿ, ಎಳೆಗಳನ್ನು ಹರಡಿ ಅಳೆಯುವುದು. ಜೀವಕೋಶಗಳಿಗೆ ಮೊದಲು ಸಿಎಲ್‌ಡಿಯು ಎಂಬ ಗುರುತು ರಾಸಾಯನಿಕ (ಸುಮಾರು 25 ಮೈಕ್ರೋಮೋಲಾರ್), ತೊಳೆದು ಐಡಿಯು ಎಂಬ ಇನ್ನೊಂದು (250), ತಲಾ 20-30 ನಿಮಿಷ. ಎರಡೂ ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್‌ನ ವೇಷ ಹಾಕಿ ಹೊಸ ಎಳೆಯೊಳಗೆ ಸೇರುತ್ತವೆ. ಗಾಜಿನ ಸ್ಲೈಡ್ ಮೇಲೆ ಕೋಶ ಒಡೆದು, ಸುಮಾರು 15 ಡಿಗ್ರಿ ವಾಲಿಸಿದರೆ ದ್ರವ ನಿಧಾನಕ್ಕೆ ಇಳಿದು ಎಳೆಗಳು ಹರಡುತ್ತವೆ. ಕೋಶ ಹೆಚ್ಚಾದರೆ ಎಳೆಗಳು ಬಿಡಿಸಲಾಗದ ಸಿಕ್ಕು. ನಂತರ 2.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಗಂಟೆ ಹೊತ್ತು. ಇದನ್ನು ಅವಸರಿಸಿದರೆ ಜೋಡಿ ಎಳೆ ಬಿಚ್ಚಿಕೊಳ್ಳದೆ, ಎರಡು ಗುರುತುಗಳಿಗೆ ಬೇರೆ ಬೇರೆ ಬಣ್ಣ ಕೊಡುವ ಪ್ರತಿಕಾಯ ಅಂಟುವುದಿಲ್ಲ, ಇಡೀ ದಿನ ನೀರುಪಾಲು.

ಹರಡಿದ ಎಳೆಯ ಒಂದು ಮೈಕ್ರೋಮೀಟರ್ ಎಂದರೆ ಸುಮಾರು 2.59 ಕಿಲೋಬೇಸ್ (ಒಂದು ಕಿಲೋಬೇಸ್ ಎಂದರೆ ಡಿಎನ್‌ಎಯ ಸಾವಿರ ಅಕ್ಷರ). ಮಾನವ ಕೋಶದಲ್ಲಿ ಫೋರ್ಕ್ (ಜೋಡಿ ಎಳೆ ಬಿಚ್ಚಿ ನಕಲಾಗುವ ಕವಲು) ನಿಮಿಷಕ್ಕೆ 1-2 ಕಿಲೋಬೇಸ್ ಸಾಗುತ್ತದೆ. ಗುರುತು ಹಾಕಿದ ಮೇಲೆ 4 ಮಿಲಿಮೋಲಾರ್ ಹೈಡ್ರಾಕ್ಸಿಯೂರಿಯಾ ಕೊಟ್ಟು ಫೋರ್ಕ್ ತಡೆದರೆ, ಫೋರ್ಕ್ ಕಾಯುವ ಬಿಆರ್‌ಸಿಎ2 ಪ್ರೋಟೀನ್ ಇಲ್ಲದ ಕೋಶದಲ್ಲಿ ಎಂಆರ್‌ಇ11 ಕಿಣ್ವ ಹೊಸ ಎಳೆಯನ್ನು ಮೆಲ್ಲುತ್ತದೆ, ಐಡಿಯು ಗೆರೆ ಮೋಟಾಗುತ್ತದೆ. ಎಳೆಯೇ ತುಂಡಾದರೂ ಗೆರೆ ಮೋಟಾಗಿಯೇ ಕಾಣುವುದರಿಂದ, ಎರಡು ಬಣ್ಣವೂ ಪೂರ್ತಿ ಇರುವ ಎಳೆಗಳನ್ನೇ ಅಳೆಯಿರಿ. ಯಾವ ಸ್ಲೈಡ್ ಯಾವುದೆಂದು ಗೊತ್ತಿಲ್ಲದಂತೆ ಸಹಪಾಠಿಯಿಂದ ಚೀಟಿ ಅಂಟಿಸಿಕೊಂಡು ನೂರಾದರೂ ಎಣಿಸಿ.