ಒಟ್ಟಿಗೆ ಬಿಟ್ಟ ಮೇಲೆ ಹಸಿರು ಮಿಡತೆಗಳು ಕಪ್ಪಾದವು: ಇದು ರೋಗವಾ?

ನಮಸ್ಕಾರ. ಮರುಭೂಮಿ ಮಿಡತೆಯ ಮರಿಗಳನ್ನು ಒಂದೊಂದಾಗಿ ಬೇರೆ ಡಬ್ಬಗಳಲ್ಲಿ ಸಾಕಿದ್ದಿರಿ, ಎಲ್ಲವೂ ಹಸಿರಾಗಿ ಸುಮ್ಮನೆ ಕೂತಿರುತ್ತಿದ್ದವು ಅಂತ ಬರೆದಿದ್ದೀರಿ. ಜಾಗ ಸಾಲದೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿದ ಮೇಲೆ ಪೊರೆ ಬಿಟ್ಟು ಹಳದಿ-ಕಪ್ಪು ಆದವು. ಈಗ ಪೆಟ್ಟಿಗೆಯ ಗೋಡೆಗುಂಟ ಎಲ್ಲವೂ ಒಂದೇ ಕಡೆಗೆ ಸುತ್ತುತ್ತಿವೆ, ಎರಡು ಮರಿಗಳ ಹಿಂಗಾಲು ಇಲ್ಲ. ಇದು ರೋಗವಾ, ಬೇರೆ ಜಾತಿ ಸೇರಿಕೊಂಡಿದೆಯಾ, ಮತ್ತೆ ಬೇರೆ ಮಾಡಿದರೆ ಹಸಿರಾಗುತ್ತವಾ ಎನ್ನುವುದು ನಿಮ್ಮ ಪ್ರಶ್ನೆ.

ರೋಗ ಅಲ್ಲ, ಗಾಬರಿ ಬೇಡ. ಬೇರೆ ಜಾತಿಯೂ ಸೇರಿಲ್ಲ. ಒಂಟಿಯಾಗಿರುವ ಮಿಡತೆಗೂ ಹಿಂಡಿನ ಮಿಡತೆಗೂ ಎಷ್ಟು ವ್ಯತ್ಯಾಸ ಅಂದರೆ ಕೀಟ ತಜ್ಞರೇ ಬಹಳ ಕಾಲ ಅವನ್ನು ಎರಡು ಜಾತಿ ಅಂದುಕೊಂಡಿದ್ದರು. ಹಿಂಡು ಕಟ್ಟುವ ಇನ್ನೊಂದು ಮಿಡತೆಯಾದ ವಲಸೆ ಮಿಡತೆಯ ವಿಷಯದಲ್ಲಿ, ಎರಡೂ ಒಂದೇ ಜಾತಿ, ಇರುವ ರೀತಿ ಮಾತ್ರ ಬೇರೆ ಎಂದು 1921ರಲ್ಲಿ ಕೀಟ ವಿಜ್ಞಾನಿ ಬೋರಿಸ್ ಉವರೋವ್ ತೋರಿಸಿಕೊಟ್ಟರು. ನಿಮ್ಮ ಪೆಟ್ಟಿಗೆಯಲ್ಲಿ ಆಗಿರುವುದೂ ಅದೇ.

ಎಲ್ಲ ಬದಲಾವಣೆ ಒಟ್ಟಿಗೆ ಆಗುವುದಿಲ್ಲ. ಮೊದಲು ಬದಲಾಗುವುದು ನಡವಳಿಕೆ, ಅದೂ ಕೆಲವೇ ಗಂಟೆಗಳಲ್ಲಿ. ಒಂಟಿ ಮಿಡತೆ ಇನ್ನೊಂದನ್ನು ಕಂಡರೆ ದೂರ ಸರಿಯುತ್ತದೆ, ನಿಧಾನಕ್ಕೆ ನಡೆಯುತ್ತದೆ, ದೊಡ್ಡದಾದ ಮೇಲೆ ಹಾರುವುದೂ ರಾತ್ರಿಯಲ್ಲೇ. ಹಿಂಡಿನದು ಉಳಿದವುಗಳ ಹತ್ತಿರ ಹೋಗುತ್ತದೆ, ಜಾಸ್ತಿ ಓಡಾಡುತ್ತದೆ, ಹಗಲಲ್ಲಿ ಹಾರುತ್ತದೆ. ಬಣ್ಣ ಬದಲಾಗುವುದಕ್ಕೆ ಪೊರೆ ಬಿಡಬೇಕು, ಹಾಗಾಗಿ ಅದು ನಿಮ್ಮ ಕಣ್ಣಿಗೆ ತಡವಾಗಿ ಬಿತ್ತು. ಮೈಯ ಆಕಾರ ಪೂರ್ತಿ ಬದಲಾಗಲು ಇನ್ನೂ ಹೆಚ್ಚು ಕಾಲ, ತಲೆಮಾರುಗಳೇ ಬೇಕು. ಅಂದರೆ ನೀವು ಬಣ್ಣ ನೋಡಿ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅವು ಒಳಗೊಳಗೇ ಎಂದೋ ಹಿಂಡಿನ ಮಿಡತೆಗಳಾಗಿದ್ದವು.

ಇದೆಲ್ಲ ಶುರುವಾಗುವುದು ಹೇಗೆ ಅಂತ ತಿಳಿದುಕೊಂಡರೆ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಮುಖ್ಯ ಕಾರಣ ಮೈಗೆ ಮೈ ತಾಗುವುದು, ಅದರಲ್ಲೂ ಹಿಂಗಾಲಿನ ದಪ್ಪ ತೊಡೆಯ ಹೊರಭಾಗ. ವಿಜ್ಞಾನಿಗಳು ಒಂಟಿ ಮಿಡತೆಯ ಮೈಯ ಬೇರೆಬೇರೆ ಭಾಗಗಳನ್ನು ಸಣ್ಣ ಬಣ್ಣದ ಕುಂಚದಿಂದ ಸವರಿ ನೋಡಿದರು. ಮೀಸೆ, ಬಾಯಿ, ಹೊಟ್ಟೆ ಸವರಿದರೆ ಏನೂ ಆಗಲಿಲ್ಲ. ಹಿಂದೊಡೆಯನ್ನು ನಿಮಿಷಕ್ಕೆ 5 ಸೆಕೆಂಡಿನಂತೆ 4 ಗಂಟೆ ಸವರಿದಾಗ ಆ ಮಿಡತೆ ಹಿಂಡಿನದರ ಹಾಗೆ ನಡೆದುಕೊಂಡಿತು. ಹತ್ತಿರ ಇನ್ನೊಂದು ಮಿಡತೆ ಇರಲೇ ಇಲ್ಲ, ಕುಂಚದ ಸ್ಪರ್ಶವೇ ಸಾಕಾಯಿತು! ಮುಟ್ಟದೆ ಇದ್ದರೂ, ಉಳಿದ ಮಿಡತೆಗಳನ್ನು ಕಾಣುವುದು ಮತ್ತು ಅವುಗಳ ವಾಸನೆ ಎರಡೂ ಸೇರಿದರೆ ಇದೇ ಪರಿಣಾಮ ಆಗುತ್ತದೆ. ಈ ಹೊತ್ತಿನಲ್ಲಿ ಮಿಡತೆಯ ಎದೆಭಾಗದ ನರಗಂಟುಗಳಲ್ಲಿ ಸೆರೊಟೋನಿನ್ (ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಏರುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದು ಕೆಲಸ ಮಾಡದಂತೆ ಔಷಧಿಯಿಂದ ತಡೆದಾಗ, ಗುಂಪಿನಲ್ಲಿ ಬಿಟ್ಟರೂ ಮಿಡತೆಗಳು ಬದಲಾಗಲಿಲ್ಲ.

ಈ ತೊಡೆಯ ಲೆಕ್ಕ ಮರುಭೂಮಿ ಮಿಡತೆಯದು, ಎಲ್ಲ ಮಿಡತೆಗಳಿಗೂ ಹೊಂದುವುದಿಲ್ಲ. ಆಸ್ಟ್ರೇಲಿಯಾದ ಹಿಂಡು ಮಿಡತೆ ಎನ್ನುವ ಬೇರೆ ಜಾತಿಗೆ ಮೀಸೆ ತಾಗಬೇಕು.

ಹಾಗಾಗಿ ಪೆಟ್ಟಿಗೆಯಲ್ಲಿ ಎಷ್ಟು ಮರಿ ಇವೆ ಎನ್ನುವುದಕ್ಕಿಂತ ಅವು ದಿನಕ್ಕೆ ಎಷ್ಟು ಸಲ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ ಎನ್ನುವುದನ್ನು ನೋಡಿ. ನಿಮ್ಮ ಫೋಟೋದಲ್ಲಿ ಮೂಲೆಯಲ್ಲಿ ಒಂದೇ ತಟ್ಟೆ ಹುಲ್ಲು, ಹತ್ತಲು ಒಂದೇ ಕಡ್ಡಿ. ನನ್ನ ಪ್ರಕಾರ ತೊಂದರೆ ಇರುವುದು ಅಲ್ಲೇ. ಮೇವು ಒಂದೇ ಕಡೆ ಇದ್ದರೆ, ಒಂದನ್ನೊಂದು ದೂರ ಇಡುವ ಒಂಟಿ ಮಿಡತೆಗಳೂ ಹೊಟ್ಟೆಗೋಸ್ಕರ ಅಲ್ಲಿಗೇ ಬರಬೇಕು, ಬಂದಾಗ ತಾಗಲೇಬೇಕು. ಬಯಲಿನಲ್ಲೂ ಹೀಗೇ. ಮಳೆ ಬಂದಾಗ ಹಸಿರು ಹೆಚ್ಚಿ ಮಿಡತೆಗಳೂ ಹೆಚ್ಚುತ್ತವೆ. ಆಮೇಲೆ ನೆಲ ಒಣಗುತ್ತಾ ಹಸಿರು ಅಲ್ಲೊಂದು ಇಲ್ಲೊಂದು ತುಂಡಾಗಿ ಉಳಿಯುತ್ತದೆ, ಎಲ್ಲವೂ ಆ ತುಂಡುಗಳಿಗೆ ಬಂದು ಸೇರುತ್ತವೆ. ಹುಲ್ಲನ್ನು ನಾಲ್ಕಾರು ಕಡೆ ಹರಡಿ ಇಡಿ. ಒಣಕಡ್ಡಿ, ಜಾಲರಿ ತುಂಡುಗಳನ್ನು ಎತ್ತರಕ್ಕೆ ನಿಲ್ಲಿಸಿ. ಇಷ್ಟು ಮಾಡಿದರೆ ಅದೇ ಪೆಟ್ಟಿಗೆಯಲ್ಲಿ ಅಷ್ಟೇ ಮರಿಗಳಿದ್ದರೂ ತಾಗಾಟ ಕಡಿಮೆಯಾಗುತ್ತದೆ.

ಗೋಡೆಗುಂಟ ಸುತ್ತುವುದು ಕೂಡ ಹಿಂಡಿನ ಗುಣವೇ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮರಿಗಳನ್ನು ಉಂಗುರದ ಆಕಾರದ ಅಂಕಣದಲ್ಲಿ ಬಿಟ್ಟರು. ಕೆಲವೇ ಇದ್ದಾಗ ಒಂದೊಂದು ಒಂದೊಂದು ಕಡೆ ನಡೆದವು. 10ರಿಂದ 25 ಇದ್ದಾಗ ಸಾಲಾಗಿ ಹೊರಟವು, ಆದರೆ ನಡುವೆ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದವು. 30 ದಾಟಿದ ಮೇಲೆ ಬೇಗನೆ ಒಂದೇ ದಿಕ್ಕು ಹಿಡಿದು ಗಂಟೆಗಟ್ಟಲೆ ತಿರುಗದೆ ನಡೆದವು. ಮುಂದಾಳು ಯಾರೂ ಇಲ್ಲ. ಪ್ರತಿಯೊಂದೂ ಪಕ್ಕದವುಗಳ ಹೆಜ್ಜೆ ಹಿಡಿಯುತ್ತದೆ, ಅಷ್ಟೇ.

ಈಗ ಕಾಲಿನ ವಿಷಯ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂಡಿನ ಮರಿಗಳು ಒಂದನ್ನೊಂದು ಕಚ್ಚಿ ತಿನ್ನುತ್ತವೆ. ಅವು ಮುಂದೆ ಮುಂದೆ ನಡೆಯುವುದಕ್ಕೂ ಇದು ಒಂದು ಕಾರಣ: ನಿಂತರೆ ಹಿಂದಿನದು ಕಚ್ಚುತ್ತದೆ. ಹೊಟ್ಟೆಯ ಭಾಗದ ಸಂವೇದನೆ ಹೋಗುವಂತೆ ನರ ಕತ್ತರಿಸಿದ ಮರಿಗಳು ಹಿಂದಿನಿಂದ ಬರುವುದು ಗೊತ್ತಾಗದೆ ಕಡಿಮೆ ನಡೆದವು, ಜಾಸ್ತಿ ಬಲಿಯಾದವು. ಪೊರೆ ಬಿಡುವಾಗ ಮತ್ತು ಬಿಟ್ಟ ಕೂಡಲೇ ಮೈ ಮೆತ್ತಗಿರುತ್ತದೆ, ಓಡಲೂ ಆಗುವುದಿಲ್ಲ. ಅಪಾಯ ಜಾಸ್ತಿ ಇರುವುದು ಆಗಲೇ. ಎತ್ತರದ ಕಡ್ಡಿಗಳು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ, ಯಾಕೆಂದರೆ ಅವು ತಲೆಕೆಳಗಾಗಿ ನೇತಾಡಿಕೊಂಡೇ ಪೊರೆ ಬಿಡುವುದು. ಮೇಲೆ ನೇತಾಡುವುದಕ್ಕೆ ಸಾಕಷ್ಟು ಜಾಗ ಇರಲಿ, ಕೆಳಗೆ ಅವುಗಳ ಮೈಯುದ್ದದ ಎರಡು-ಮೂರು ಪಟ್ಟು ಖಾಲಿ ಇರಲಿ. ರಾತ್ರಿ ಹುಲ್ಲು ಮುಗಿದು ತಟ್ಟೆ ಖಾಲಿ ಬೀಳಲು ಬಿಡಬೇಡಿ. ಬರೀ ಒಣಹುಲ್ಲು ಸಾಲದು, ಎಳೆ ಹಸಿಹುಲ್ಲಿನ ಜೊತೆ ಗೋಧಿ ತೌಡನ್ನೂ ಇಡಿ.

ಮತ್ತೆ ಬೇರೆ ಮಾಡಿದರೆ ಏನಾಗುತ್ತದೆ? ಒಂಟಿಯಾಗಿ ಬೆಳೆದು, ಸ್ವಲ್ಪ ಹೊತ್ತು ಮಾತ್ರ ಗುಂಪಿನಲ್ಲಿದ್ದ ಮರಿ ಕೆಲವು ಗಂಟೆಗಳಲ್ಲೇ ಹಳೆಯ ನಡವಳಿಕೆಗೆ ಮರಳುತ್ತದೆ. ಬಹಳ ದಿನ ಗುಂಪಿನಲ್ಲೇ ಇದ್ದದ್ದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮರಿಯ ಬಣ್ಣ ಮುಂದಿನ ಪೊರೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತಿಳಿಯಾಗಬಹುದು. ರೆಕ್ಕೆ ಬಂದ ಮೇಲೆ ಪೊರೆ ಬಿಡುವುದೇ ಇಲ್ಲ. ಹಿಂಡಿನ ಮಿಡತೆ ರೆಕ್ಕೆ ಬಂದ ಹೊಸದರಲ್ಲಿ ಗುಲಾಬಿ ಬಣ್ಣಕ್ಕಿದ್ದು, ಬಲಿತ ಮೇಲೆ ಹಳದಿಯಾಗುತ್ತದೆ. ಆಗ ಮತ್ತೆ ರೋಗ ಅಂತ ಹೆದರಬೇಡಿ.

ಮೊಟ್ಟೆ ಇಡಿಸುವ ಯೋಚನೆ ಇದ್ದರೆ ಇದನ್ನೂ ಗಮನದಲ್ಲಿಡಿ. ಗುಂಪಿನಲ್ಲಿದ್ದ ತಾಯಿಯ ಮರಿಗಳು ಹುಟ್ಟುವಾಗಲೇ ಕಪ್ಪಗೆ, ದೊಡ್ಡದಾಗಿರುತ್ತವೆ. ಒಂಟಿ ತಾಯಿಯ ಮರಿಗಳು ಹಸಿರು, ಚಿಕ್ಕವು. ಹಸಿರು ಮರಿಗಳೇ ಬೇಕು ಅಂದರೆ ತಾಯಿಯನ್ನೇ ಬೇರೆ ಇಡಬೇಕು, ಹುಟ್ಟಿದ ಮೇಲೆ ಬಿಡಿಸಿ ಇಟ್ಟರೆ ತಡವಾಯಿತು.

ಇನ್ನೊಂದು ಮಾತು. ಜಾಸ್ತಿಯಾದವನ್ನು ಹೊರಗೆ ಬಿಡುವ ಯೋಚನೆ ಖಂಡಿತ ಬೇಡ, ಒಂದೆರಡನ್ನು ಕೂಡ. ಬಯಲಿನಲ್ಲಿ ಇದೇ ಮಿಡತೆಯ ಹಿಂಡು ಒಂದು ಚದರ ಕಿಲೋಮೀಟರಿಗೆ 4 ಕೋಟಿಯಿಂದ 8 ಕೋಟಿ ತನಕ ಇರುತ್ತದೆ, ಒಂದೊಂದೂ ದಿನಕ್ಕೆ ತನ್ನ ತೂಕದಷ್ಟು, ಅಂದರೆ ಸುಮಾರು 2 ಗ್ರಾಂ, ಹಸಿರು ತಿನ್ನುತ್ತದೆ. 2018ರಲ್ಲಿ ಎರಡು ಚಂಡಮಾರುತಗಳು ಅರೇಬಿಯಾದ ಮರಳುಗಾಡಿಗೆ ಮಳೆ ತಂದವು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಮಿಡತೆಗಳು ತಲೆಮಾರಿನ ಮೇಲೆ ತಲೆಮಾರು ಹೆಚ್ಚಿದವು. 2020ರ ಹೊತ್ತಿಗೆ ಕೀನ್ಯಾದ ರೈತರು 70 ವರ್ಷಗಳಲ್ಲೇ ಕಾಣದಂಥ ದಾಳಿ ನೋಡಬೇಕಾಯಿತು. ಬೇಡವಾದ ಮಿಡತೆ, ಮೊಟ್ಟೆ ಇಟ್ಟ ಮರಳು ಎರಡನ್ನೂ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು ಆಮೇಲೆ ಎಸೆಯಿರಿ.

ಕಾಲು ಹೋದ ಆ ಎರಡು ಮರಿಗಳನ್ನು ಇವತ್ತೇ ಬೇರೆ ಡಬ್ಬಕ್ಕೆ ಹಾಕಿ. ಗಾಯದ ಮರಿಯನ್ನು ಉಳಿದವು ಮತ್ತೆ ಕಚ್ಚುತ್ತವೆ. ಹಿಂಗಾಲು ಮತ್ತೆ ಬೆಳೆಯುವುದಿಲ್ಲ, ಆದರೆ ಮೇವು ಕೈಗೆಟಕುವ ಹಾಗೆ ತಗ್ಗಿನಲ್ಲಿ ಇಟ್ಟರೆ ತಿಂದುಕೊಂಡು ಬದುಕುತ್ತವೆ. ಮೇವು ಹರಡಿ ಇಟ್ಟ ಮೇಲೆ ಪೆಟ್ಟಿಗೆಯ ಇನ್ನೊಂದು ಫೋಟೋ ಹಾಕಿ, ಕಡ್ಡಿಗಳ ಎತ್ತರ ಸರಿ ಇದೆಯಾ ನೋಡಿ ಹೇಳುತ್ತೇನೆ.