ಆರೈಕೆ ಕೇಂದ್ರದಲ್ಲಿ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮನನ್ನು ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದ್ದೀರಿ. ಜಾಗ ಚೊಕ್ಕಟವಾಗಿದೆ, ಸಿಬ್ಬಂದಿ ನಗುನಗುತ್ತಾ ಮಾತಾಡುತ್ತಾರೆ. ಆದರೆ ಅಮ್ಮನಿಗೆ ಮರೆವು ಇರುವುದರಿಂದ ಏನು ಕೇಳಿದರೂ "ಚೆನ್ನಾಗಿದೆ" ಅನ್ನುತ್ತಾರೆ, ಹಾಗಿದ್ದರೆ ನಿಜಸ್ಥಿತಿ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಇಂಥ ಕೇಂದ್ರಗಳಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ, ಅದರಲ್ಲೂ ರಾತ್ರಿ ಪಾಳಿಯೇ ಜಾಸ್ತಿ. ಅಲ್ಲಿ ಕಂಡದ್ದರಿಂದ ಹೇಳುತ್ತೇನೆ.

ಸ್ವಾಗತ ಕೋಣೆ, ನೆಲದ ಹೊಳಪು, ಗೋಡೆ ಮೇಲಿನ ಫೋಟೋ ಇವೆಲ್ಲ ಬಿಡಿ. ಅಮ್ಮನ ಬಾಯಿ ಹೇಳದ್ದನ್ನು ಅವರ ಮೈ ಹೇಳುತ್ತೆ. ಸಾಕ್ಸ್ ಬಿಚ್ಚಿ ಹಿಮ್ಮಡಿ ನೋಡಿ. ಬೆನ್ನಿನ ಕೆಳತುದಿ, ಸೊಂಟದ ಪಕ್ಕದ ಮೂಳೆ, ಮೊಣಕೈ, ತಲೆಯ ಹಿಂಭಾಗ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರ ಇರುವ ಜಾಗಗಳಲ್ಲೇ ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಗಾಯ, ಹೆಚ್ಚಾಗಿ ಶುರುವಾಗೋದು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ಸದ್ಯಕ್ಕೆ ಪರವಾಗಿಲ್ಲ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಮೊದಲ ಹಂತ. ಕಪ್ಪು ಚರ್ಮದವರಲ್ಲಿ ಕೆಂಪು ಸುಲಭವಾಗಿ ಕಾಣೋದಿಲ್ಲ. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ಅಮ್ಮ ಮುಖ ಕಿವುಚುತ್ತಾರಾ? ಹೀಗೆ ನಾಲ್ಕು ಹಂತಗಳಿವೆ, ನಾಲ್ಕನೆಯದರಲ್ಲಿ ಗಾಯ ಮಾಂಸ, ಮೂಳೆವರೆಗೂ ಇಳಿದಿರುತ್ತೆ. ಅಲ್ಲಿಗೆ ಹೋಗುವ ಮೊದಲೇ ಹಿಡಿಯಬೇಕು.

ತಡೆಯುವ ಕೆಲಸ ಹೇಗಿರುತ್ತೆ ಅಂತ ನಿಮಗೆ ಗೊತ್ತಿದ್ದರೆ ಒಳ್ಳೆಯದು. ತಾವಾಗಿ ಹೊರಳಲು ಆಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಒತ್ತಡ ತಗ್ಗಿಸುವ ಒಳ್ಳೆ ಹಾಸಿಗೆ ಇದ್ದರೆ ಕೆಲವರಿಗೆ ಅಂತರ ಸ್ವಲ್ಪ ಹೆಚ್ಚಿಸಬಹುದು. ಇಬ್ಬರು ಆಚೆಗೊಬ್ಬರು ಈಚೆಗೊಬ್ಬರು ನಿಂತು, ಮೈಯಡಿಯ ಬಟ್ಟೆ ಹಿಡಿದು ಮೆಲ್ಲಗೆ ಎತ್ತಿ ಸರಿಸಬೇಕು. ಒಬ್ಬರೇ ಇದ್ದಾಗ ಏನಾಗುತ್ತೆ? ಎಳೆಯುತ್ತಾರೆ. ವಯಸ್ಸಾದವರ ಚರ್ಮ ಕಾಗದದಷ್ಟು ತೆಳು, ಎಳೆದರೆ ಕಿತ್ತು ಬರುತ್ತೆ. ಆಮೇಲೆ ಬೆನ್ನಿಗೆ ದಿಂಬು ಕೊಟ್ಟು, ಮೀನಖಂಡದ ಕೆಳಗೆ ಇನ್ನೊಂದು ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಕದ ಹಾಗೆ ಮಾಡಬೇಕು. ಒದ್ದೆ ಡೈಪರ್ ತೆಗೆದು ಚರ್ಮ ಒರೆಸಿ ಒಣಗಿಸಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಾಕಿ ಉಜ್ಜಬಾರದು. ಮಧ್ಯೆ ತೂತಿರುವ ಚಕ್ರದಂಥ ದಿಂಬನ್ನೂ ಇಡಬಾರದು, ಅದರ ಅಂಚು ರಕ್ತದ ಓಡಾಟಕ್ಕೇ ಅಡ್ಡಿ ಮಾಡುತ್ತೆ. ಇನ್ನೊಂದು ವಿಷಯ: ಕುರ್ಚಿಯಲ್ಲಿ ಇಡೀ ದಿನ ಕೂರಿಸಿಟ್ಟರೂ ಗಾಯ ಆಗುತ್ತೆ.

ಈ ಕೆಲಸಕ್ಕೆಲ್ಲ ಒಂದು ಚಾರ್ಟ್ ಇರುತ್ತೆ. ಅದನ್ನು ತೋರಿಸಿ ಅಂತ ಕೇಳಿ. ನಾನಿದ್ದ ಒಂದು ಕಡೆ ರಾತ್ರಿ ಪೂರ್ತಿಯ ಸಹಿಗಳನ್ನು ಬೆಳಿಗ್ಗೆ ಮನೆಗೆ ಹೊರಡುವ ಮೊದಲು ಒಟ್ಟಿಗೆ ಹಾಕುತ್ತಿದ್ದರು. ಹತ್ತು, ಹನ್ನೆರಡು, ಎರಡು, ನಾಲ್ಕು ಅಂತ ನಿಮಿಷವೂ ಆಚೀಚೆ ಆಗದ ಗಂಟೆಗಳು, ಒಂದೇ ಉಸಿರಿನಲ್ಲಿ ಬರೆದಂಥ ಅಕ್ಷರ. ನಿಜವಾದ ಚಾರ್ಟ್ ಅಷ್ಟು ನೀಟಾಗಿ ಇರೋದಿಲ್ಲ. ಅಲ್ಲಿದ್ದವರು ಸೋಮಾರಿಗಳಾಗಿರಲಿಲ್ಲ ಅಂತ ನಾನು ಖಂಡಿತವಾಗಿ ಹೇಳಬಲ್ಲೆ. ಇಡೀ ಮಹಡಿಗೆ ಒಬ್ಬಳೇ ಹುಡುಗಿ. ಒಂದು ಕಡೆ ಕರೆಗಂಟೆ ಬಾರಿಸಿತು ಅಂತ ಓಡುವಷ್ಟರಲ್ಲಿ ಇನ್ನೊಂದು ಕಡೆ ಕರೆಗಂಟೆ. ನಾನು ಕಂಡ ಗಾಯ, ಬೀಳುವಿಕೆ, ಔಷಧಿ ತಪ್ಪುವಿಕೆ ಬಹುಪಾಲು ಬಂದದ್ದು ಈ ಜನರ ಕೊರತೆಯಿಂದಲೇ. ಆದ್ದರಿಂದ ನೀವು ಕೇಳಲೇಬೇಕಾದ ಪ್ರಶ್ನೆ ಇದು: ರಾತ್ರಿ ಎಷ್ಟು ಮಂದಿ ಇರುತ್ತಾರೆ, ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು, ಅವರ ಪಾಲಿಗೆ ಎಷ್ಟು ಹಿರಿಯರು? ಹಾಗೇ, ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅಂತಲೂ ಕೇಳಿ. ದಿನಾ ಮುಖ ಬದಲಾಗುತ್ತಿದ್ದರೆ "ನಿನ್ನೆಗಿಂತ ಇವತ್ತು ಅಜ್ಜಿ ಮಂಕಾಗಿದ್ದಾರೆ" ಅಂತ ಗುರುತಿಸೋರು ಯಾರು?

ಬೀಳುವುದರ ಬಗ್ಗೆ ನಿಮಗೆ ಭಯ ಇರುತ್ತೆ, ಸಹಜ. ಆದರೆ ಒಮ್ಮೆ ಬಿದ್ದರು ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಅನ್ನೋಕಾಗಲ್ಲ. "ನಮ್ಮಲ್ಲಿ ಯಾರೂ ಬೀಳೋದೇ ಇಲ್ಲ" ಅನ್ನುವ ಜಾಗ ಕಂಡರೆ ನನಗೆ ಜಾಸ್ತಿ ಅನುಮಾನ. ಕಟ್ಟಿ ಹಾಕುತ್ತಿದ್ದಾರಾ, ಏಳಲೇ ಬಿಡುತ್ತಿಲ್ಲವಾ? ಮಂಚದ ಎರಡೂ ಬದಿಗೆ ಕಂಬಿ ಏರಿಸಿದರೆ ಮರೆವಿರುವವರು ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಕಂಬಿಯ ಸಂದಿಯಲ್ಲಿ ಸಿಕ್ಕಿಕೊಂಡು ಜೀವ ಹೋದದ್ದೂ ಇದೆ. ಮಲಗಿಸಿಯೇ ಇಟ್ಟರೆ ಕಾಲಿನ ಬಲ ಬಹಳ ಬೇಗ ಹೋಗುತ್ತೆ. ತಗ್ಗು ಮಂಚ, ಜಾರದ ಚಪ್ಪಲಿ, ಬಚ್ಚಲಿನ ದಾರಿಗೆ ರಾತ್ರಿ ಮಂದ ಬೆಳಕು, ಅವಸರ ಆಗುವ ಮೊದಲೇ ಶೌಚಕ್ಕೆ ಕರೆದುಕೊಂಡು ಹೋಗುವ ಅಭ್ಯಾಸ. ಇವು ಇದ್ದರೆ ಬೀಳೋದು ಎಷ್ಟೋ ಕಡಿಮೆ ಆಗುತ್ತೆ.

ನೀವು ಹೋದಾಗಲೆಲ್ಲ ಅಮ್ಮ ತೂಕಡಿಸುತ್ತಲೇ ಇದ್ದರೆ ಔಷಧಿ ಪಟ್ಟಿ ಕೇಳಿ ತೆಗೆದುಕೊಳ್ಳಿ. ಪ್ರತಿ ಮಾತ್ರೆ ಯಾವುದಕ್ಕೆ, ವೈದ್ಯರು ಅದನ್ನು ಕೊನೆಯ ಸಲ ಪರಿಶೀಲಿಸಿದ್ದು ಯಾವಾಗ? ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಆಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗೆ ಕೊಡುವ) ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಕೆಲವರಿಗೆ ಅವು ಬೇಕಾಗಬಹುದು. ಸುಮ್ನೆ ಕೂತಿರಲಿ ಅಂತ ಕೊಡುವುದು ಮಾತ್ರ ತಪ್ಪು. ಹಾಗಂತ ನೀವಾಗಿ ನಿಲ್ಲಿಸಲು ಹೋಗಬೇಡಿ, ವೈದ್ಯರ ಹತ್ತಿರ ಮಾತಾಡಿ. ಎರಡು ದಿನದಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ ಹೆಚ್ಚಾದರೆ "ವಯಸ್ಸಾಯ್ತಲ್ಲ" ಅನ್ನುವ ಉತ್ತರ ಒಪ್ಪಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ಮಲಬದ್ಧತೆ, ಹೊಸ ಮಾತ್ರೆ ಏನಾದರೂ ಕಾರಣ ಇರಬಹುದು.

ಊಟದ ಹೊತ್ತಿಗೆ ಒಮ್ಮೆ ಹೋಗಿ. ನೀರಿನ ಲೋಟ ಅಮ್ಮನ ಕೈಗೆ ಎಟುಕುವಂತಿದೆಯಾ? ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ, ಹಾಗಾಗಿ ಯಾರಾದರೂ ನೆನಪಿಸಿ ಕುಡಿಸಬೇಕು. ನೇರ ಕೂರಿಸಿ, ನುಂಗಿದ ಮೇಲೆ ಮುಂದಿನ ತುತ್ತು ಕೊಟ್ಟು, ಊಟದ ನಂತರ ಅರ್ಧ ಗಂಟೆಯಾದರೂ ಕೂತಿರಲು ಬಿಡುತ್ತಾರಾ ನೋಡಿ. ಮಲಗಿದ್ದಲ್ಲೇ ತುರುಕಿದರೆ ಆಹಾರ ಶ್ವಾಸಕೋಶಕ್ಕೆ ಹೋಗಬಹುದು. ತಿಂಗಳ ತೂಕ ಬರೆದಿಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಶೇ. 5 ಅಥವಾ ಆರು ತಿಂಗಳಲ್ಲಿ ಶೇ. 10 ಇಳಿದರೆ, ಅಂದರೆ 50 ಕಿಲೋ ಇದ್ದವರು ತಿಂಗಳಲ್ಲಿ ಎರಡೂವರೆ ಕಿಲೋ ಕಳೆದುಕೊಂಡರೆ, ವೈದ್ಯರು ನೋಡಲೇಬೇಕು. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮೆಷಿನ್ ಅಮ್ಮನವೇ ಹೌದಾ ಅಂತಲೂ ನೋಡಿ, ಅದಲುಬದಲು ಆಗುತ್ತಿರುತ್ತವೆ.

ತಪ್ಪು ಕಂಡಾಗ ಎದುರಿಗೆ ಸಿಕ್ಕ ಆಯಾ ಮೇಲೆ ರೇಗಬೇಡಿ. ಅವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ, ನಾಳೆ ಅಮ್ಮನನ್ನು ಎತ್ತಿ ಕೂರಿಸೋರೂ ಅವರೇ. ಮೇಲ್ವಿಚಾರಕರ ಹತ್ತಿರ ಹೋಗಿ, ದಿನಾಂಕ ಹಾಕಿ ಬರಹದಲ್ಲಿ ಕೊಡಿ, ಗಾಯ ಇದ್ದರೆ ಫೋಟೋ ತೆಗೆದಿಡಿ. ಅವರು ಏನು ಮಾಡುತ್ತಾರೆ ಅನ್ನೋದರಲ್ಲೇ ಆ ಜಾಗದ ಗುಣ ತಿಳಿಯುತ್ತೆ. ನೀವು ಕೇಳುವ ಮೊದಲೇ ಫೋನ್ ಮಾಡಿ "ಇವತ್ತು ಹೀಗಾಯಿತು, ಹೀಗೆ ಮಾಡಿದ್ದೇವೆ" ಅನ್ನುವ ಕಡೆ ಅಮ್ಮನನ್ನು ನಂಬಿಕೆಯಿಂದ ಬಿಡಬಹುದು. ಆಳವಾದ ಗಾಯ, ಕಾರಣ ಹೇಳದ ಕಪ್ಪು ಕಲೆ, ಮುಚ್ಚಿಟ್ಟ ತೂಕದ ಲೆಕ್ಕ ಕಂಡರೆ ಮಾತುಕತೆಗೆ ಕಾಯಬೇಡಿ. ಮೊದಲು ಹೊರಗಿನ ವೈದ್ಯರಿಗೆ ತೋರಿಸಿ ವರದಿ ತೆಗೆದುಕೊಳ್ಳಿ, ಅದನ್ನಿಟ್ಟುಕೊಂಡು ಅಂಥ ಕೇಂದ್ರಗಳ ಮೇಲೆ ಉಸ್ತುವಾರಿ ಇರುವ ಕಚೇರಿಗೆ ದೂರು ಕೊಡಿ, ಜೊತೆಜೊತೆಗೇ ಬೇರೆ ಜಾಗ ಹುಡುಕಲು ಶುರುಮಾಡಿ.