ಆ ಕಂದು ಬಣ್ಣ ಕೊಳೆ ಅಲ್ಲ, ತೊಳೆಯಬೇಡಿ

ವಿಯೆನ್ನಾದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ತಂಬಾಕು ಸೇದುವ ಮೀರ್ಶಾಮ್ ಪೈಪ್ ಕಂದಾಗಿದೆ, ತೊಳೆದು ಬಿಳಿ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ! ಅದರ ಚೆಲುವೇ ಆ ಬಣ್ಣ. ಮೀರ್ಶಾಮ್ ಅಂದರೆ ಟರ್ಕಿಯ ಎಸ್ಕಿಶೆಹಿರ್ ಸುತ್ತ ನೆಲದಡಿ ಸಿಗುವ ಮೆದು ಕಲ್ಲು, ಒಣಗಿದ್ದರೆ ನೀರಲ್ಲಿ ತೇಲುವಷ್ಟು ಹಗುರ. ಕೆತ್ತಿದ ಮೇಲೆ ಜೇನುಮೇಣ ಕುಡಿಸುತ್ತಾರೆ, ಆಮೇಲೆ ವರ್ಷಗಟ್ಟಲೆ ಸೇದಿದ ಹಾಗೆಲ್ಲ ತಂಬಾಕಿನ ಸಾರ ಹೀರಿಕೊಂಡು ಬಿಳಿ ಹೋಗಿ ಜೇನಿನ ಬಣ್ಣ, ಆಮೇಲೆ ಕಂದು ಬರುತ್ತದೆ. 19ನೇ ಶತಮಾನದಲ್ಲಿ ವಿಯೆನ್ನಾದ ಕೆತ್ತನೆಗಾರರು ಇದರಲ್ಲಿ ಬಲು ಹೆಸರುವಾಸಿ. ನೀವು ಕಳಿಸಿದ ಫೋಟೋದಲ್ಲಿ ಪೈಪಿನ ಮೇಲೆ ಕೆತ್ತಿದ ಸಿಂಹದ ಕೇಸರ ಎಳೆ ಎಳೆಯಾಗಿ ಕಾಣುತ್ತಿದೆ, ಆ ಸಂದುಗಳಲ್ಲೇ ಬಣ್ಣ ಜಾಸ್ತಿ ಗಾಢ, ಎಷ್ಟು ಚೆಂದ ಅಲ್ವಾ? ತೊಳೆಯಬೇಡಿ ಅನ್ನೋದಕ್ಕೆ ಇನ್ನೊಂದು ಕಾರಣ, ನೀರಲ್ಲಿ ನೆನೆದರೆ ಈ ಕಲ್ಲು ಮೆತ್ತಗಾಗುತ್ತದೆ. ಸುಮ್ನೆ ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಸಾಕು.